ಹಸಿರು ಗುಂಡಿ

ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದ ಲೋಚನಾ, “ನೇಸರಾ, ಮುಕ್ಕಾಲು ಲೋಟ ರವೆ ತಾ ಪುಟ್ಟಿ” ಎಂದಳು. ನಾಲ್ಕನೇ ತರಗತಿಯ ಮಗಳು ಬರಿಯ ಲೋಟ ಹಿಡಿದು ಡಬ್ಬದ ಮುಂದೆ ನಿಂತೇ ಇದ್ದಳು. ಸಾಸಿವೆ ಸೀಯತೊಡಗಿತು.

“ನಿನ್ನೆ ತಾನೇ ಭಿನ್ನರಾಶಿ ಪಾಠಕ್ಕೆ ಹಸಿರು ಬಂತಲ್ಲೇ?”

ಎಲ್ಲ ಮಕ್ಕಳ ಕೊರಳಪಟ್ಟಿಯಲ್ಲೂ ಶಾಲೆ ಕೊಟ್ಟ, ಮನಸ್ಸನ್ನು ಓದುವ ಗುಂಡಿಯಿರುತ್ತಿತ್ತು. ಪಾಠದ ಕೊನೆಗೆ ಮಿಸ್ ಗಂಟೆ ಬಾರಿಸಿದೊಡನೆ ಅರ್ಥವಾದವರದು ಹಸಿರಾಗುತ್ತಿತ್ತು, ಆಗದವರದು ಕೆಂಪಾಗುತ್ತಿತ್ತು. ನೇಸರಳದು ಒಮ್ಮೆಯೂ ಕೆಂಪಾದದ್ದಿಲ್ಲ. ಲೋಚನಾ ಅದನ್ನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು.

“ಗಂಟೆ ಹೊಡೆದಾಗ ನಾನು ಜಡೆ ಹೆಣೆಯೋದನ್ನ ನೆನೆಸ್ಕೋತೀನಮ್ಮ. ಅದು ನಂಗೆ ಚೆನ್ನಾಗಿ ಗೊತ್ತಲ್ಲ, ಹಸಿರಾಗುತ್ತೆ.”

“ಯಾವಾಗಿಂದ?”

“ಒಂದನೇ ಕ್ಲಾಸಿಂದ. ಎಲ್ರೂ ಹಂಗೇ. ಪ್ರದ್ಯುಮ್ನ ಸೈಕಲ್ ನೆನೆಸ್ಕೋತಾನೆ.”

ಮಗಳ ತರಗತಿ ಲೋಚನಾಳ ಕಣ್ಣಮುಂದೆ ಬಂತು: ಮೂವತ್ತು ಹಸಿರು ಗುಂಡಿಗಳು, ತೃಪ್ತಿಯಿಂದ ಪುಸ್ತಕ ಮುಚ್ಚುತ್ತಿರುವ ಮಿಸ್.

“ಗೊತ್ತಾಗದಿದ್ರೆ ಮಿಸ್ಸನ್ನ ಕೇಳೋದಲ್ವೇನೇ?”

“ಕೇಳೋದಾ? ಕ್ಲಾಸಲ್ಲಿ?” ನೇಸರ ನಕ್ಕೇಬಿಟ್ಟಳು. ಅಮ್ಮನ ಮುಖ ನೋಡಿ ನಗು ನಿಂತಿತು.

ಲೋಚನಾ ಒಲೆ ಆರಿಸಿದಳು. ಮಗಳ ಗುಂಡಿ ಕಳಚಿ ಕಿಟಕಿಯಲ್ಲಿಟ್ಟು, ನೆಲದ ಮೇಲೆ ಅವಳೆದುರು ಕೂತಳು. “ನನ್ನ ಕೇಳು. ಸ್ಕೂಲಿಗೆ ಲೇಟಾದ್ರೆ ಆಗ್ಲಿ.”

ನೇಸರ ರೂಢಿಯಂತೆ ಕೊರಳು ತಡವಿಕೊಂಡಳು. ಅಲ್ಲೇನೂ ಇರಲಿಲ್ಲ. ಕೊನೆಗೆ ಕೇಳಿದಳು:

“ಮುಕ್ಕಾಲು ಅಂದ್ರೆ... ಮೂರು ಕಾಲಿರೋದು ಯಾವ ಪ್ರಾಣಿಗಮ್ಮ?”