ಒಂಬತ್ತನೇ ಪುಟದ ತೂತು

ಶೆಡ್ಡಿನ ಕಾಫಿ ಮೇಜಿನ ಮೇಲಿದ್ದ ಪತ್ರಿಕೆಯ ಒಂಬತ್ತನೇ ಪುಟದಲ್ಲಿ ಅಂಗೈಯಗಲದ ತೂತಿತ್ತು. ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ನೋಡಿದ್ದೇ ಅರ್ವಿಗೆ ಮೈಯೆಲ್ಲ ಉರಿಯಿತು. ಅಲ್ಲಿ ಏನಿತ್ತೆಂದು ಅವನಿಗೆ ಗೊತ್ತು, ಅದೇ ಪತ್ರಿಕೆ ಅವನ ಮನೆಗೂ ಬರುತ್ತದೆ. ಸರೋವರದಾಚೆಯ ಬಾಯ್ಲರ್ ಕಾರ್ಖಾನೆಗೆ ಒಬ್ಬ ಅನುಭವಿ ವೆಲ್ಡರ್ ಬೇಕಾಗಿದ್ದಾನೆ.

ಮಾಲೀಕನಿಗೆ ಸಂಬಳ ಕೊಡುವ ಯೋಗ್ಯತೆಯಿಲ್ಲ. ಇದ್ದೊಬ್ಬ ಆಳು ಓಡಿಹೋಗದ ಹಾಗೆ ಜಾಹೀರಾತು ಕತ್ತರಿಸಿಡುವ ಬುದ್ಧಿಗೆ ಮಾತ್ರ ಕೊರತೆಯಿಲ್ಲ.

ಮಾಲೀಕ ಟೌನೊನ ಶೆಡ್ಡಿನಲ್ಲಿ ಸೌನಾದ, ಅಂದರೆ ಉಗಿಸ್ನಾನದ ಕೋಣೆಯ, ಒಲೆಗಳು ತಯಾರಾಗುತ್ತಿದ್ದವು. ಒಂದು ಕಾಲಕ್ಕೆ ಒಂಬತ್ತು ಜನ ದುಡಿಯುತ್ತಿದ್ದ ಜಾಗ. ಆ ವರ್ಷ ಫಿನ್ಲೆಂಡಿಗೆ ಫಿನ್ಲೆಂಡೇ ಮಕಾಡೆ ಮಲಗಿತ್ತು. ಮನೆ ಕಟ್ಟುವವರಿಲ್ಲ, ಮನೆಯಿಲ್ಲದ ಮೇಲೆ ಸೌನಾ ಎಲ್ಲಿ, ಒಲೆ ಎಲ್ಲಿ? ಒಬ್ಬೊಬ್ಬರಾಗಿ ಎಲ್ಲರೂ ಜಾಗ ಖಾಲಿ ಮಾಡಿದರು. ಉಳಿದದ್ದು ಮಾಲೀಕ ಮತ್ತು ವೆಲ್ಡರ್ ಅರ್ವಿ. ಫೆಬ್ರವರಿಯಿಂದ ಅರ್ವಿ ಸಂಬಳದ ಮುಖ ಕಂಡಿರಲಿಲ್ಲ. ಈಗ ಜೂನ್.

ಕೇಳಿದಾಗಲೆಲ್ಲ ಟೌನೊನದು ಒಂದೇ ಉತ್ತರ. "ಶುಕ್ರವಾರ ಮಾತಾಡೋಣ ಕಣಯ್ಯ."

ಶುಕ್ರವಾರವೆಂದರೆ ಅಂಗಳದ ಸೌನಾ. ವಾರದ ಕೆಲಸ ಮುಗಿದ ಮೇಲೆ ಒಡೆಯ, ಆಳು ಇಬ್ಬರೂ ಬೆತ್ತಲೆಯಾಗಿ ಒಂದೇ ಹಲಗೆಯ ಮೇಲೆ ಕೂತು ಬೆವರುವುದು ಮೊದಲಿಂದ ನಡೆದುಬಂದದ್ದು. ಅಲ್ಲಿ ಚರ್ಚಿನಲ್ಲಿದ್ದ ಹಾಗೆ ಇರಬೇಕು. ದುಡ್ಡಿನ ಮಾತಿಲ್ಲ, ಜಗಳವಿಲ್ಲ. ಅಪ್ಪ ಕಲಿಸಿದ್ದನ್ನು ಅರ್ವಿ ಐವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಮೀರಿರಲಿಲ್ಲ. ಟೌನೊ ಕಾದ ಕಲ್ಲುಗಳ ಮೇಲೆ ನೀರು ಎರಚಿ, "ಉಗಿ ಚೆನ್ನಾಗಿದೆ" ಅನ್ನುತ್ತಿದ್ದ. ಅರ್ವಿ ಹಲ್ಲು ಕಚ್ಚಿಕೊಂಡು, "ಚೆನ್ನಾಗಿದೆ" ಅನ್ನುತ್ತಿದ್ದ. ಹಾಗೇ ನಾಲ್ಕು ತಿಂಗಳು ಕಳೆದವು.

"ಬಟ್ಟೆ ಬಿಚ್ಚೋಕೆ ಮುಂಚೆ ಕೇಳೋಕೇನು ರೋಗ ನಿಮಗೆ?" ಎಂದಳು ಹೆಂಡತಿ ಹಿಲ್ಕಾ. ಶಾಲೆಯ ಅಡುಗೆಮನೆಯಲ್ಲಿ ದುಡಿದು ಮನೆಯ ಸಾಲದ ಕಂತು ಕಟ್ಟುತ್ತಿದ್ದವಳು ಅವಳೇ. "ಉಗಿ ಅಷ್ಟು ಚೆನ್ನಾಗಿದ್ರೆ ಅದನ್ನೇ ತಂದು ಬ್ಯಾಂಕಿಗೆ ಕಟ್ಟಿ."

ಬಿಟ್ಟುಬಿಡಬಹುದಿತ್ತು. ಆದರೆ ಕೆಲಸಕ್ಕೆ ಸೇರಿದ ಎರಡನೇ ವರ್ಷ ಅರ್ವಿಯ ಬಲಗೈ ಸುಟ್ಟಾಗ, ನಲವತ್ತು ಕಿಲೋಮೀಟರ್ ಗಾಡಿ ಓಡಿಸಿ ಆಸ್ಪತ್ರೆಗೆ ಸೇರಿಸಿದವನು ಟೌನೊ. ಮೂರು ತಿಂಗಳು ಕೂರಿಸಿ ಸಂಬಳ ಕೊಟ್ಟವನೂ ಅವನೇ. ಆ ಮೂರು ತಿಂಗಳು ಅರ್ವಿಯ ಗಂಟಲಲ್ಲಿ ಮುಳ್ಳಾಗಿ ನಿಂತಿತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ. ತಾನು ಹೋದರೆ ಶೆಡ್ಡಿಗೆ ಅಂದೇ ಬೀಗ.

ಇತ್ತೀಚೆಗೆ ಮಾಲೀಕನ ವರಸೆಯೂ ಸರಿಯಿರಲಿಲ್ಲ. ಗಡ್ಡ ಬೋಳಿಸಿಕೊಂಡಿದ್ದ. ಸಾವಿನ ಮನೆಗೆ ಹೋಗಲು ಇಟ್ಟಿದ್ದ ಕಪ್ಪು ಸೂಟು ಹಾಕಿಕೊಂಡು ಎಲ್ಲಿಗೋ ಹೋಗಿಬರುತ್ತಿದ್ದ. ಇದ್ದಕ್ಕಿದ್ದಂತೆ ಒಂದು ದಿನ ಬಂದು, "ಈ ಹೊಸ ವೆಲ್ಡಿಂಗ್ ಯಂತ್ರ ನಡೆಸೋದು ಸ್ವಲ್ಪ ತೋರಿಸು, ರೂಢಿ ತಪ್ಪಿಹೋಗಿದೆ" ಎಂದ. ವಾರವಿಡೀ ಮೂತಿಗೆ ಮುಖವಾಡ ಹಾಕಿಕೊಂಡು ಅಭ್ಯಾಸ ಮಾಡಿದ. ತನ್ನನ್ನು ಬರಿಗೈಯಲ್ಲಿ ಓಡಿಸಿ ತಾನೇ ಬೆಸುಗೆ ಹಾಕಿಕೊಳ್ಳುವ ಹುನ್ನಾರ ಎಂದು ಅರ್ವಿ ಲೆಕ್ಕ ಹಾಕಿದ. ಅದರ ಮೇಲೆ ಈ ತೂತು.

ಅಂದು ಸಂಜೆಯೇ ಅವನು ಬಾಯ್ಲರ್ ಕಾರ್ಖಾನೆಗೆ ಅರ್ಜಿ ಬರೆದು ಹಾಕಿದ.

ಮುಂದಿನ ಗುರುವಾರ ಟೌನೊ ಸೂಟು ಹಾಕಿ ಹೊರಟ ಮೇಲೆ ಶೆಡ್ಡಿನ ಫೋನು ಹೊಡೆದುಕೊಂಡಿತು.

ಬಾಯ್ಲರ್ ಕಾರ್ಖಾನೆಯಿಂದ, ಎಂದಿತು ಅತ್ತಲಿನ ದನಿ. ನಿಮ್ಮ ಶೆಡ್ಡಿನವರೊಬ್ಬರ ಅರ್ಜಿ ಬಂದಿದೆ, ಅವರ ಬಗ್ಗೆ ಎರಡು ಮಾತು ಕೇಳಬೇಕಿತ್ತು. ನೀವು ಅವರ ಜೊತೆ ಕೆಲಸ ಮಾಡಿದ್ದೀರಾ?

ಅರ್ವಿ ಬಾಗಿಲತ್ತ ನೋಡಿದ. ಈ ಕರೆ ಟೌನೊ ಎತ್ತಿದ್ದರೆ ಕಥೆ ಮುಗಿದೇ ಹೋಗುತ್ತಿತ್ತು. ಅವನು ಗಂಟಲು ದಪ್ಪ ಮಾಡಿಕೊಂಡು ಮಾಲೀಕನ ಗತ್ತಿನಲ್ಲಿ, "ಹದಿನೇಳು ವರ್ಷ" ಎಂದ.

"ವಯಸ್ಸಾಯ್ತಲ್ಲ, ಕೈ ನಡುಗಲ್ವಾ?"

"ಆ ಮನುಷ್ಯನ ಬೆಸುಗೆ ಒಡೆದಿದ್ದು ನಾನು ಕಂಡಿಲ್ಲ."

"ನಾಲ್ಕು ತಿಂಗಳಿಂದ ಮನೆಗೆ ಒಂದು ಮಾರ್ಕು ದುಡ್ಡೂ ಒಯ್ದಿಲ್ಲ ಅಂದ್ರು. ನಿಜವೇನು?"

"ನಿಜ," ಎಂದ ಅರ್ವಿ. ಈ ಮಾತಿಗೆ ಮಾತ್ರ ದನಿ ತಾನಾಗಿಯೇ ದಪ್ಪವಾಯಿತು. "ಆದ್ರೂ ಒಂದು ದಿನ ತಪ್ಪಿಸಿಲ್ಲ. ಇಂಥವರು ಹುಡುಕಿದರೂ ಸಿಗಲ್ಲ."

"ಇಷ್ಟು ಹೊಗಳ್ತೀರಿ. ಅವರು ಬಂದುಬಿಟ್ರೆ ನಿಮಗೆ ನಷ್ಟ ಅಲ್ವಾ?"

"ನಷ್ಟವೇ. ಒಳ್ಳೆಯವರನ್ನ ಕಟ್ಟಿಹಾಕೋಕಾಗುತ್ತಾ?"

ಅತ್ತಲಿನವರು ನಕ್ಕರು. ಅರ್ಜಿ ಎರಡು ಬಂದಿದ್ದವು, ಇನ್ನು ಅನುಮಾನ ಉಳಿಯಲಿಲ್ಲ, ನಾಳೆ ಮಧ್ಯಾಹ್ನ ಅವರ ಮನೆಗೇ ಫೋನು ಮಾಡಿ ತಿಳಿಸುತ್ತೇವೆ ಎಂದು ಇಟ್ಟರು.

ಶುಕ್ರವಾರ ಹಿಲ್ಕಾ ರಜೆ ಹಾಕಿ ಮನೆಯ ಫೋನಿನ ಪಕ್ಕ ಕೂತಳು. ಅರ್ವಿ ಕೊನೆಯ ಒಲೆಗೆ ಬೆಸುಗೆ ಹಾಕಿದ. ಊಟಕ್ಕೆ ಮನೆಗೆ ಹೋಗಿದ್ದ ಟೌನೊ ತಡವಾಗಿ ಬಂದ, ಕಣ್ಣು ಕೆಂಪಾಗಿತ್ತು. ಒಂದು ಕ್ಷಣ ಅರ್ವಿಗೆ ಅಯ್ಯೋ ಅನ್ನಿಸಿತು. ಆದರೆ ಇವತ್ತು ನಿಯಮ ಮುರಿದೇ ಸಿದ್ಧ. ಸಂಬಳ ಕೊಡದವನು ಬೆತ್ತಲೆ ಇದ್ದರೇನು, ಸೂಟಿನಲ್ಲಿದ್ದರೇನು?

ಸಂಜೆ ಸೌನಾದಲ್ಲಿ ಉಗಿ ಮೇಲೆದ್ದಿತು. ಅರ್ವಿ ಬಾಯಿ ತೆರೆದ. ಟೌನೊ ಕೈಯೆತ್ತಿ ತಡೆದ.

"ಇಲ್ಲಿ ಇಂಥ ಮಾತು ಆಡಬಾರದು, ಗೊತ್ತು. ಆದ್ರೆ ತಡೆಯೋಕಾಗ್ತಿಲ್ಲ," ಎಂದ. "ಶೆಡ್ಡು ಬ್ಯಾಂಕಿನ ಪಾಲಾಯ್ತು ಅರ್ವಿ. ಸೋಮವಾರದಿಂದ ಬಾಯ್ಲರ್ ಕಾರ್ಖಾನೇಲಿ ನಾನು ವೆಲ್ಡರ್. ಇನ್ನೊಂದು ಅರ್ಜಿ ನಿನ್ನದಂತೆ, ಅವರೇ ಹೇಳಿದ್ರು. ಆದ್ರೂ ಫೋನಲ್ಲಿ ನನ್ನನ್ನ ಅಷ್ಟು ಹೊಗಳಿದೆಯಲ್ಲ. ಸಂಬಳದ ಬಾಕಿ ಹೇಗೋ ತೀರಿಸಿಬಿಡ್ತೀನಿ ಕಣಯ್ಯ, ಈ ಋಣ ಹೇಗೆ ತೀರಿಸಲಿ?"