ಅಪ್ಪ ಮೊದಲು ಕೇಳಿದ ಕ್ಯಾಸೆಟ್ಟು

ಬೇಯುವ ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಮಣಿಕಟ್ಟಿನಲ್ಲಿ ಅಕ್ಕನ ಉಗುರು ನಾಟಿದಂತಾಗುತ್ತದೆ.

ಅಕ್ಕ ಹುಣಸೂರಿನಿಂದ ಪಾಪ್ ಹಾಡುಗಳ ಕ್ಯಾಸೆಟ್ ತಂದಿದ್ದಳು. ಅದರ ಮೇಲೆ ಕೂದಲು ಕೆದರಿಕೊಂಡ, ಹೊಕ್ಕುಳು ಕಾಣುವ ಹುಡುಗಿಯ ಚಿತ್ರವಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತಿದ್ದ ಅಪ್ಪ ಅದನ್ನು ಕಿತ್ತುಕೊಂಡ.

"ಮಕ್ಳು ಕೇಳೋ ಅಂತದ್ದಾ ಅಂತ ಮೊದ್ಲು ನಾವು ಕೇಳ್ತೀವಿ. ಅಲ್ದಿದ್ರೆ ಇದೇ ಒಲೆಗೆ ಆಕ್ಬುಡ್ತೀನಿ. ನಡೀರಿ ಆಚೆಗೆ."

ಸೊಪ್ಪು ಕಟ್ಟುತ್ತಿದ್ದ ಅವ್ವ ಏಳಹೋದಳು. "ನೀನಿರಮ್ಮಿ" ಅಂದ ಅಪ್ಪ.

ಸೊಪ್ಪಿನ ಅಂಟು ಮೆತ್ತಿದ ಕೈಯಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದು ಅಕ್ಕ ಹೊರಗಿನಿಂದ ಗೋಡೆಗೆ ಕಿವಿಯಿಟ್ಟಳು. ಸೌದೆ ಚಟಚಟ ಸಿಡಿದಾಗಲೆಲ್ಲ ಅವಳ ಉಗುರು ಇನ್ನಷ್ಟು ಒಳಗಿಳಿಯುತ್ತಿತ್ತು. ಒಳಗೆ ಟೇಪ್‌ರೆಕಾರ್ಡರಿನಲ್ಲಿ ಹಾಡುಗಳು ಒಂದಾದ ಮೇಲೊಂದು ಮುಗಿದವು. ಕ್ಯಾಸೆಟ್ ತಿರುವಿ ಹಾಕಿದ ಸದ್ದಾಯಿತು. ಆಮೇಲೆ ಅವ್ವ ಕಿಸಕ್ಕನೆ ನಕ್ಕಳು.

"ಅಯ್ಯೋ ಬುಡಿ, ಮಕ್ಳವ್ರೆ ಆಚೆಗೆ!"

ಅವ್ವ ಹಾಗೆ ನಗುವುದನ್ನು ನಾವು ಕೇಳಿಯೇ ಇರಲಿಲ್ಲ.

ಅಪ್ಪ ಹುಬ್ಬು ಗಂಟಿಕ್ಕಿಕೊಂಡು ಹೊರಬಂದ. "ಮಕ್ಳು ಕೇಳೋ ಅಂತದ್ದಲ್ಲ ಕಣವ್ವ ಅದು."

"ಒಲೆಗಾಕ್ಬುಟ್ಯಾ ಅಪ್ಪ?" ಅಕ್ಕ ಕೇಳಿದಳು.

ಅಪ್ಪ ಇನ್ನೊಂದು ಸೌದೆ ಎತ್ತಿಕೊಂಡು ಒಳಗೆ ಹೋದ. ಮರುದಿನ ಮಧ್ಯಾಹ್ನ ಉಂಡು ಕೈ ತೊಳೆಯುವಷ್ಟರಲ್ಲೇ ನಮ್ಮಿಬ್ಬರನ್ನೂ ಕರೆದು, "ಅಜ್ಜಿ ಮನೆ ತಾವ ಆಡ್ಕೊಂಡು ಬನ್ರಿ ಓಗಿ. ಬಿರ್ನೆ ಬರ್ಬೇಕು ಅಂತೇನಿಲ್ಲ" ಅಂದ.