ಎಡಗಡೆ ಕಾರ್ಮಿಕ, ಬಲಗಡೆ ಮಾಲೀಕ

ಕಾರ್ಮಿಕ ಅಧಿಕಾರಿಯ ಮೇಜಿನ ಮುಂದೆ ಎರಡು ಕುರ್ಚಿ. ಎಡಗಡೆಯದು ಕಾರ್ಮಿಕನಿಗೆ, ಬಲಗಡೆಯದು ಮಾಲೀಕನಿಗೆ. ನಲವತ್ತು ದಾಟಿದ ಡೆಲಿವರಿ ಬಾಯ್ ಪಟ್ಟಿ ಸುತ್ತಿದ ಕಾಲನ್ನು ಎಳೆದುಕೊಂಡು ಬಂದು ಎಡಗಡೆ ಕೂತ. ಹೆಂಡತಿ ಅವನ ಊರುಗೋಲು ಹಿಡಿದು ಹಿಂದೆ ನಿಂತಳು. ಬಲಗಡೆಯ ಕುರ್ಚಿ ಖಾಲಿ. ಅದಕ್ಕೆ ಮೆತ್ತೆಯೂ ಇತ್ತು.

"ಮಾಲೀಕರು ಬಂದಿಲ್ವಾ?" ಅಧಿಕಾರಿ ಕೇಳಿದರು.

"ಬಂದಿದಾರೆ ಸಾರ್. ನಾನೇ."

ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಒಬ್ಬನೇ ಕಾಣಿಸಿದ.

ಹೆಂಡತಿ ಬಿಡಿಸಿ ಹೇಳಿದಳು. ಯಾರದೋ ಊಟ ತಲುಪಿಸಲು ಹೋಗುವಾಗ ಬೈಕ್ ಜಾರಿ ಕಾಲು ಮುರಿದಿದೆ. ಮೂಳೆಗೆ ರಾಡ್ ಹಾಕದಿದ್ದರೆ ಜೀವಮಾನವಿಡೀ ಕುಂಟಬೇಕು. ಮಾಲೀಕರ ಒಂದು ರುಜು ತಂದರೆ ನಾಳೆಯೇ ಆಪರೇಷನ್ ಎಂದು ಕಾರ್ಮಿಕರ ಆಸ್ಪತ್ರೆಯವರು ಹೇಳಿದ್ದಾರೆ. ಆಪ್ ಕಂಪನಿಗೆ ಫೋನ್ ಮಾಡಿದರೆ ಜೇನಿನಲ್ಲಿ ಅದ್ದಿದಂಥ ದನಿಯೊಂದು, ನೀವು ನಮ್ಮ ಕೆಲಸಗಾರರಲ್ಲ, ನಿಮಗೆ ನೀವೇ ಮಾಲೀಕರು, ಅಭಿನಂದನೆಗಳು ಎಂದಿತಂತೆ. ಗಂಡ ಅದೇ ದನಿಯಲ್ಲಿ "ಅಭಿನಂದನೆಗಳು" ಎಂದು ರಾಗ ಎಳೆದು ತೋರಿಸಿದ. ಮಿಮಿಕ್ರಿಯಲ್ಲಿ ಅವನದು ಎತ್ತಿದ ಕೈ. ಓಣಿಯ ನಾಯಿಯಿಂದ ಹಿಡಿದು ಸ್ವಂತ ಮಾವನವರೆಗೆ ಯಾರನ್ನೂ ಬಿಟ್ಟವನಲ್ಲ.

ಅಧಿಕಾರಿ ನಿಯಮದ ಮನುಷ್ಯ. ಎರಡೂ ಕಡೆಯವರನ್ನು ಕೇಳದೆ ಕಡತ ಮುಚ್ಚಿದವರಲ್ಲ. ಕಾರ್ಮಿಕನ ಕುರ್ಚಿಯಲ್ಲಿ ಕೂತು ಮಾಲೀಕ ಮಾತಾಡುವಂತಿಲ್ಲ, ಮಾಲೀಕರು ದಯವಿಟ್ಟು ಆ ಕಡೆ ಬರಬೇಕು ಎಂದರು.

ಹೆಂಡತಿಯ ಮುಖ ಬಾಡಿತು. ಅವನು ಅವಳ ಕಿವಿಯಲ್ಲಿ, "ಹೆದರ್ಬೇಡ ಕಣೇ. ನಮ್ ಮಾಲೀಕ ಒಳ್ಳೇವ್ನು. ಚಿಕ್ಕಂದಿನಿಂದ ನೋಡಿದೀನಿ," ಎಂದು ಊರುಗೋಲು ಊರಿಕೊಂಡು ಬಲಗಡೆಗೆ ಹೋದ.

ಕಾಲು ಮುರಿದದ್ದು ಕೆಲಸದ ಹೊತ್ತಿನಲ್ಲೇ ಎಂದು ಒಪ್ಪುತ್ತೀರಾ ಎಂದು ಅಧಿಕಾರಿ ಕೇಳಿದರು. ಹೌದು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಬೆನ್ನು ಮೆತ್ತೆಗೆ ತಾಗಿತು. ತಾನಾಗಿಯೇ ಕಾಲ ಮೇಲೆ ಕಾಲು ಹಾಕಲು ಹೋಗಿ, ನೋವಾಗಿ, ಕೈ ಕಟ್ಟಿಕೊಂಡ.

"ಅಷ್ಟು ಜೋರಾಗಿ ಓಡಿಸು ಅಂತ ನಾನೇನು ಹೇಳಿದ್ನಾ?"

ಅಧಿಕಾರಿ ನಕ್ಕರು, ಹೆಂಡತಿಯೂ ನಕ್ಕಳು. ಅವನು ಕುಂಟುತ್ತ ಎಡಕ್ಕೆ ಬಂದು, ತಡವಾದರೆ ಆಪ್‌ನಲ್ಲಿ ಗಿರಾಕಿ ಕೊಡುವ ಮಾರ್ಕ್ಸ್ ಕಡಿಮೆಯಾಗುತ್ತದೆ ಯಜಮಾನ್ರೇ ಎಂದು ಕೈಮುಗಿದ. ಕುಂಟುತ್ತ ಬಲಕ್ಕೆ ಹೋಗಿ, ಅದು ನಿನ್ನ ಹಣೆಬರಹ ಎಂದ. ಹೀಗೆ ಎಷ್ಟು ಸಲ ಓಡಾಡಿದನೋ, ಎಡಗಡೆಯವನು ಪ್ರತಿ ಸಲವೂ ಇನ್ನಷ್ಟು ಏದುಸಿರು ಬಿಡುತ್ತಿದ್ದ. ಬಲಗಡೆಯವನು ಗಡಿಯಾರ ನೋಡುತ್ತಿದ್ದ. ಕೊನೆಗೆ ಬಲಗಡೆಯೇ ಕೂತು, ಊರುಗೋಲನ್ನು ಹಿಂದೆ ನಿಂತವಳ ಕೈಗೆ ನೋಡದೆಯೇ ಕೊಟ್ಟ. ಅಷ್ಟು ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

ಅಧಿಕಾರಿ ಆಸ್ಪತ್ರೆಯ ಕಾಗದ ಮುಂದಿಟ್ಟರು. ಒಂದು ರುಜು, ಮುಗಿಯಿತು. ಅವನು ಪೆನ್ನು ತೆಗೆದುಕೊಂಡ. ಹೆಂಡತಿ ಉಸಿರು ಬಿಟ್ಟಳು. ಅವನು ಕಾಗದವನ್ನು ಒಮ್ಮೆ ಓದಿದ, ಇನ್ನೊಮ್ಮೆ ಓದಿದ, ಪೆನ್ನಿನ ಮುಚ್ಚಳ ಹಾಕಿದ. ಆಮೇಲೆ ಅದೇ ಜೇನಿನ ದನಿಯಲ್ಲಿ ಹೇಳಿದ: "ಇವರು ನಮ್ಮ ಕೆಲಸಗಾರರಲ್ಲ ಸಾರ್. ಇವರಿಗೆ ಇವರೇ ಮಾಲೀಕರು."

ಅಧಿಕಾರಿ ನಿಯಮದಂತೆ ಎಡಗಡೆಯ ಖಾಲಿ ಕುರ್ಚಿಯ ಕಡೆ ತಿರುಗಿ, ಇದಕ್ಕೆ ನೀವೇನಂತೀರಿ ಎಂದು ಕೇಳಿದರು.

ಉತ್ತರ ಹೇಳಲು ಅವನು ಎದ್ದು ಅಲ್ಲಿಗೆ ಹೋಗಬೇಕಿತ್ತು. ಹಿಂದಕ್ಕೆ ಕೈ ಚಾಚಿದ. ಹೆಂಡತಿ ಊರುಗೋಲನ್ನು ಒಯ್ದು ಆ ಖಾಲಿ ಕುರ್ಚಿಗೆ ಒರಗಿಸಿ ಇಟ್ಟಳು.

"ಇದು ಕೆಲಸಗಾರರದ್ದು, ಯಜಮಾನ್ರೇ," ಎಂದಳು.